ಮೊದಲ ಹಿಡಿ

ಯಲಹಂಕದ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಒಲೆಯ ಬಲಕ್ಕಿದ್ದ ಗೋಡೆಗೂಡಿನಲ್ಲಿ ಒಂದು ಹಳೆಯ ಡಾಲ್ಡಾ ಡಬ್ಬಿ ಇರುತ್ತಿತ್ತು. ಹಳದಿ ಬಣ್ಣ ಅಲ್ಲಲ್ಲಿ ಕಿತ್ತುಹೋಗಿ ಹಸಿರು ತಾಳೆಮರದ ಬುಡವಷ್ಟೇ ಉಳಿದಿತ್ತು. ಮುಚ್ಚಳ ಎಂದೋ ಕಳೆದಿದ್ದರಿಂದ ಅಜ್ಜಿ ಅದರ ಬಾಯಿಗೊಂದು ಅಲ್ಯೂಮಿನಿಯಂ ತಟ್ಟೆ ಮುಚ್ಚಿಡುತ್ತಿದ್ದಳು. ಅನ್ನಕ್ಕೆ ಎಸರಿಟ್ಟಾದ ಮೇಲೆ, ಅಕ್ಕಿಯನ್ನು ಮೊರಕ್ಕೆ ಹಾಕಿ ಕಲ್ಲು ಆರಿಸುವ ಮೊದಲು, ಒಂದು ಹಿಡಿ ಆ ಡಬ್ಬಿಗೆ ಬೀಳಲೇಬೇಕು. ಬರೀ ಮುದ್ದೆ ಮಾಡುವ ದಿನವೂ ಅಷ್ಟೇ. ಆಗ ನಮ್ಮ ಮನೆಯಲ್ಲಿ ವಾರದ ಮುಕ್ಕಾಲು ಪಾಲು ರಾಗಿಯೇ. ಅಕ್ಕಿ ರೇಷನ್ ಅಂಗಡಿಯಿಂದ ಬಂದರೆ ಉಂಟು, ಬರದಿದ್ದರೆ ಇಲ್ಲ. "ನಾವು ತಿನ್ನೋದು ಮುದ್ದೆ, ಡಬ್ಬಿಗೆ ಹಾಕೋದು ಅಕ್ಕಿ, ಇದು ಯಾವ ಲೆಕ್ಕ?" ಎಂದು ಅಮ್ಮ ಕೇಳಿದರೆ ಅಜ್ಜಿ, "ಕರ್ತರ ಲೆಕ್ಕ" ಎಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದಳು.

ಭಾನುವಾರ ಬೆಳಗ್ಗೆ ಡಬ್ಬಿ ಬಟ್ಟೆಚೀಲದೊಳಗೆ ಕೂತು ನಮ್ಮ ಜೊತೆ ಚರ್ಚಿಗೆ ಬರುತ್ತಿತ್ತು. ಬಾಗಿಲ ಪಕ್ಕ ಒಂದು ಬಿದಿರಿನ ಕುಕ್ಕೆ. ಎಲ್ಲರ ಮನೆಯ ಹಿಡಿ ಅಕ್ಕಿಯೂ ಅದರೊಳಕ್ಕೆ. ಬೆಳ್ತಿಗೆ, ಕುಸುಬಲು, ರೇಷನ್ ಅಕ್ಕಿ, ಉಳ್ಳವರ ಮನೆಯ ಸೋನಾ ಮಸೂರಿ, ಎಲ್ಲ ಬೆರೆತುಹೋಗುತ್ತಿತ್ತು. ಅದು ಸಭೆಯ ವಿಧವೆಯರಿಗೆ, ದುಡಿಯಲಾಗದ ಮುದುಕರಿಗೆ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಪ್ರೀತಿ ಭೋಜನದ ದಿನ ಅದೇ ಅಕ್ಕಿಯ ಅನ್ನ ನಮಗೂ. ಬೆರಕೆ ಅಕ್ಕಿ ಒಂದೇ ಹದಕ್ಕೆ ಬೇಯುವುದಿಲ್ಲ. ಒಂದು ತುತ್ತಿನಲ್ಲೇ ಒಂದು ಅಗುಳು ಕರಗಿದರೆ ಇನ್ನೊಂದು ಹಲ್ಲಿಗೆ ಸಿಗುತ್ತದೆ. ಆ ಅನ್ನದ ಮೇಲೆ ಹುಳಿ ಸುರಿದು, ಚರ್ಚಿನ ಹುಣಿಸೆಮರದ ನೆರಳಲ್ಲಿ ಸಾಲಾಗಿ ಕೂತು ಉಂಡ ರುಚಿ ಈಗಲೂ ನಾಲಗೆಯ ಮೇಲಿದೆ.

ಹಿಡಿ ಅಕ್ಕಿ ನಮ್ಮ ಸಭೆಯೊಂದರ ಪದ್ಧತಿಯಲ್ಲ. ಮಿಜೋರಾಮಿನ ಕ್ರೈಸ್ತ ಹೆಂಗಸರು 1910ರಲ್ಲಿ ಹೀಗೆ ಅಕ್ಕಿ ತೆಗೆದಿಡಲು ಶುರುಮಾಡಿದರು, ಇವತ್ತಿಗೂ ಅಲ್ಲಿ ಸಭೆಯ ಎಷ್ಟೋ ಕೆಲಸ ಅದರಿಂದಲೇ ನಡೆಯುತ್ತದೆ ಎಂದು ದೊಡ್ಡವಳಾದ ಮೇಲೆ ಓದಿದೆ. ಅಜ್ಜಿಗೆ ಮಿಜೋರಾಮ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಬರ. ಕಣ್ಣಾರೆ ಕಂಡವಳಲ್ಲ, ಕೇಳಿದವಳು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಧಾತು-ಈಶ್ವರ ಬರದಲ್ಲಿ ಅವಳ ಅಜ್ಜಿ ಆರೇಳು ವರ್ಷದ ಕೂಸು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನ 1881ರ ಎಣಿಕೆಗೆ 42 ಲಕ್ಷಕ್ಕೂ ಕಡಿಮೆ. ಲೆಕ್ಕದಿಂದ ಜಾರಿಹೋದ ಆ ಲಕ್ಷಾಂತರ ಜನರಲ್ಲಿ ಆ ಕೂಸಿನ ಅಪ್ಪ ಅಮ್ಮನೂ ಸೇರಿದ್ದರು. ಗಂಜಿ ಸಿಗುತ್ತದೆಂದು ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿಗೆ ಹೊರಟವರು ದಾರಿಯಲ್ಲೇ ಬಿದ್ದುಹೋದರಂತೆ. ಕೂಸನ್ನು ಯಾರೋ ಎತ್ತಿ ಗಂಜಿ ಕೇಂದ್ರಕ್ಕೆ ತಂದರು, ಅಲ್ಲಿಂದ ಮಿಷನ್ನಿನ ಅನಾಥಾಲಯ. ನಮ್ಮ ಮನೆಗೆ ಯೇಸುಸ್ವಾಮಿ ಬಂದದ್ದು ಆ ಗಂಜಿಯ ಬಟ್ಟಲಿನಲ್ಲಿ.

"ಗಂಜಿಗೆ ಜಾತಿ ಬಿಟ್ಟವರು" ಎಂದು ಯಾರಾದರೂ ಹಂಗಿಸಿದರೆ ಅಪ್ಪನಿಗೆ ಮುಖ ಕೆಂಪಾಗುತ್ತಿತ್ತು. ಅಜ್ಜಿ ಮಾತ್ರ ಸಮಾಧಾನವಾಗಿ, "ಹೌದಪ್ಪ, ಗಂಜಿಗೇ ಆಗಿದ್ದು. ಕುಡಿದೋರು ನಾವು. ಕುಡಿಸಿದೋರು ಎಲ್ಲಿ ಹೋದ್ರೋ, ಅವರ ಮಕ್ಕಳು ಯಾರೋ. ಈ ಸಾಲ ಈಗ ಯಾರ ಕೈಗೆ ತೀರಿಸೋದು, ನೀನೇ ಹೇಳು" ಎನ್ನುತ್ತಿದ್ದಳು. ಕೇಳಿದವರಿಗೆ ಉತ್ತರ ತೋಚುತ್ತಿರಲಿಲ್ಲ. ಅವಳಿಗೆ ತೋಚಿದ ಉತ್ತರ ಗೋಡೆಗೂಡಿನಲ್ಲಿತ್ತು.

ಡಬ್ಬಿಯ ವಿಷಯದಲ್ಲಿ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ನಾನಾಗ ಎರಡನೆಯ ಕ್ಲಾಸೋ ಮೂರನೆಯ ಕ್ಲಾಸೋ. ತಿಂಗಳ ಕೊನೆ. ಅಕ್ಕಿಯ ಮೂಟೆ ತಳ ಕಂಡಿತ್ತು. ಅಮ್ಮ ನನ್ನನ್ನು ಕರೆದು, "ಬಾರೇ, ಇವತ್ತು ನೀನು ಹಾಕು" ಎಂದಳು. ನನಗೆ ಖುಷಿ. ದೊಡ್ಡವರ ಕೆಲಸ ನನ್ನ ಪಾಲಿಗೆ ಬಂತಲ್ಲ! ಮರುದಿನವೂ ಕರೆದಳು, ಅದರ ಮರುದಿನವೂ. ಭಾನುವಾರ ಅಜ್ಜಿ ಡಬ್ಬಿ ಎತ್ತಿದಳು, ಒಮ್ಮೆ ತೂಗಿ ನೋಡಿದಳು, ಏನೂ ಮಾತಾಡದೆ ಚೀಲಕ್ಕಿಟ್ಟಳು. ಸೋಮವಾರ ಸಂಜೆ ಅಪ್ಪ ಪಾಳಿ ಮುಗಿಸಿ ಬಂದು ಬಚ್ಚಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಒಳಗಿನಿಂದ ಕೂಗಿದಳು: "ಕೈ ಒರೆಸ್ಕೊಂಡು ಬಾಪ್ಪ ಇಲ್ಲಿ. ಇನ್ಮೇಲೆ ತಿಂಗಳ ಕೊನೇ ವಾರ ಹಿಡಿ ಹಾಕೋದು ನೀನು."

ಅಪ್ಪ 1984ರಲ್ಲಿ ಯಲಹಂಕದ ವೀಲ್ ಅಂಡ್ ಆಕ್ಸಲ್ ಪ್ಲಾಂಟಿಗೆ ಸೇರಿದವರು. ಈಗ ಅದಕ್ಕೆ ರೈಲ್ ವೀಲ್ ಫ್ಯಾಕ್ಟರಿ ಎಂದು ಹೆಸರು. ರೈಲ್ವೆಯ ಸವೆದ ಗಾಲಿ, ಮುರಿದ ಆಕ್ಸಲ್ಲುಗಳ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿ ಎರಕ ಹೊಯ್ಯುವ ಕಾರ್ಖಾನೆ ಅದು. ಕುಲುಮೆಯ ಹತ್ತಿರದ ಕೆಲಸ ಅಪ್ಪನದು. ಅವರ ಅಂಗೈ ಮೊರದ ಹಾಗೆ ಅಗಲ, ಬೆರಳ ಗೆಣ್ಣುಗಳಲ್ಲಿ ಸುಟ್ಟ ಕಲೆ. ಆ ಕೈ ಮೂಟೆಯೊಳಗೆ ಇಳಿದು ಮೇಲೆ ಬಂದಾಗ ಬೆರಳ ಸಂದಿಯಿಂದ ನಾಲ್ಕು ಕಾಳು ಉದುರಿದರೂ ಒಳಗೆ ಉಳಿದದ್ದು ನನ್ನ ಮೂರು ಹಿಡಿಗೆ ಸಮ. ಅಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಆ ರಾತ್ರಿ ಅಜ್ಜಿ ಅಮ್ಮನಿಗೆ ಮೊದಲು ಬಡಿಸಿ, ತನ್ನ ತಟ್ಟೆಗೆ ಅರ್ಧ ಮುದ್ದೆ ಹಾಕಿಕೊಂಡು, "ಕಷ್ಟ ಬಂದಾಗ ಕೂಸಿನ ಕೈ ಮುಂದೆ ಮಾಡಬಾರದು ಕಣಮ್ಮಣ್ಣಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಅಂದು ಅಮ್ಮನಿಗಾದ ನೋವನ್ನು ನೆನೆದರೆ ನನ್ನೊಳಗಿನ ವಾದ ಇನ್ನೂ ಮುಗಿದಿಲ್ಲ. ಐದು ಜನರ ಹೊಟ್ಟೆಯ ಲೆಕ್ಕ ಹಾಕಬೇಕಾದವಳು ಅಮ್ಮ. ಸರಳ ಜೀವನವೆಂದು ನಾವು ಹೊಗಳುವುದರ ಭಾರವೆಲ್ಲ ಎಷ್ಟೋ ಮನೆಗಳಲ್ಲಿ ಒಬ್ಬ ಹೆಂಗಸಿನ ತಲೆಯ ಮೇಲೆ ಕೂತಿರುತ್ತದೆ. ಅಜ್ಜಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅದಕ್ಕೇ ಇರಬೇಕು, ಅವಳು ಅಮ್ಮನನ್ನು ಬಯ್ಯದೆ ಮಗನ ಕೈಯನ್ನು ಕರೆದದ್ದು.

ಸಂಡೆ ಸ್ಕೂಲಿನಲ್ಲಿ ಕಲಿತ ಕತೆಗಳಿಗಿಂತ ಅಜ್ಜಿ ಹೇಳಿದ ಸತ್ಯವೇದದ ಕತೆಗಳೇ ನನಗೆ ಹೆಚ್ಚು ನೆನಪಿವೆ. ಲೂಕನ ಸುವಾರ್ತೆಯಲ್ಲಿ ಒಬ್ಬ ಐಶ್ವರ್ಯವಂತನಿದ್ದಾನೆ. ಬೆಳೆ ಹುಲುಸಾಗಿ ಬಂದು, ಕಣಜ ಸಾಲದೆ, ಇದ್ದದ್ದನ್ನು ಕೆಡವಿ ಇನ್ನೂ ದೊಡ್ಡದನ್ನು ಕಟ್ಟಲು ಹೊರಡುತ್ತಾನೆ. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ಅಜ್ಜಿಯ ಬಾಯಲ್ಲಿ ಅವನು ಬಾಗಲೂರು ಕಡೆಯ ಒಬ್ಬ ಗೌಡ. ಅವನದು ಕಣಜವಲ್ಲ, ಹಗೇವು. ನಮ್ಮ ಸೀಮೆಯಲ್ಲಿ ರಾಗಿಯನ್ನು ನೆಲದೊಳಗಿನ ಆ ಹೊಂಡದಲ್ಲಿ ತುಂಬಿ ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಹಗೇವಿನ ಬಾಯಿ ತೆಗೆದ ಕೂಡಲೇ ಇಳಿಯಬಾರದು, ಒಳಗೆ ಕೆಟ್ಟ ಗಾಳಿ. ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಡಬೇಕು, ದೀಪ ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಈ ಗೌಡನಿಗೆ ತನ್ನ ರಾಗಿ ನೋಡುವ ಆತುರ. ರಾತ್ರಿ ಯಾರನ್ನೂ ಕರೆಯಲಿಲ್ಲ, ಕರೆದರೆ ಎಷ್ಟಿದೆಯೆಂದು ತಿಳಿದುಬಿಡುತ್ತದಲ್ಲ. ಲಾಂದ್ರವನ್ನೂ ಇಳಿಬಿಡಲಿಲ್ಲ. ತಾನೇ ಇಳಿದ. "ಬೆಳಗ್ಗೆ ನೋಡಿದ್ರೆ ರಾಗಿ ಮೇಲೆ ಮಲಗಿದಾನೆ, ಉಸಿರಿಲ್ಲ" ಎಂದು ಅಜ್ಜಿ ಕತೆ ನಿಲ್ಲಿಸುತ್ತಿದ್ದಳು. ಸತ್ಯವೇದದಲ್ಲಿ ಹಾಗಿಲ್ಲ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಆದರೆ ಅಷ್ಟು ಹೊತ್ತಿಗೆ ನನ್ನ ಗೌಡ ಹಗೇವಿನೊಳಗೆ ಸತ್ತಾಗಿತ್ತು.

ಇನ್ನೊಂದು ಕತೆ ನಾನೇ ಮನೆಗೆ ತಂದದ್ದು. ಕನ್ನಡ ಮೇಷ್ಟ್ರು ಆಯ್ದಕ್ಕಿ ಲಕ್ಕಮ್ಮನ ವಿಷಯ ಹೇಳಿದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಅದೇ ಅವರ ಕಾಯಕ, ಅದರಲ್ಲೇ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ, ಇಷ್ಟು ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದಳು. ಅಜ್ಜಿ ಕತೆ ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ರೂತಳ ಕತೆ ತೆಗೆದಳು: ಮೋವಾಬಿನ ಆ ವಿಧವೆ ಬೋವಜನ ಹೊಲದಲ್ಲಿ ಹಕ್ಕಲು ಆಯ್ದದ್ದು, ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೆ ಬಿಡಬೇಕೆಂದು ದೇವರು ಕಟ್ಟು ಮಾಡಿದ್ದು. "ಅವಳೂ ಆಯ್ದೋಳು, ಇವಳೂ ಆಯ್ದೋಳು. ಆದರೆ ಇವಳು ತಿರುಗಿಸಿದಳು ನೋಡು" ಎಂದಳು. ಆ 'ತಿರುಗಿಸಿದಳು' ಎಂಬ ಮಾತನ್ನು ಅವಳು ಹೇಳಿದ ರೀತಿಯಲ್ಲಿ ತುಸು ಹೊಟ್ಟೆಕಿಚ್ಚೂ ಇತ್ತೇನೋ.

ಅಜ್ಜಿ 1996ರಲ್ಲಿ ಹೋದಳು. ಅವಳ ಪೆಟ್ಟಿಗೆಯಲ್ಲಿ ಮೂರು ಸೀರೆ, ಕನ್ನಡಕ, ಸತ್ಯವೇದ. ಇದನ್ನು ಬಡತನವೆಂದು ನಾನು ಹೊಗಳುತ್ತಿಲ್ಲ. ಬಡತನವನ್ನು ಅವಳಷ್ಟು ದ್ವೇಷಿಸಿದವರನ್ನು ನಾನು ಕಂಡಿಲ್ಲ. ಮಕ್ಕಳು ಓದಬೇಕು, ಮನೆಗೆ ಹೆಂಚಾಗಬೇಕು, ಕಾಯಿಲೆಯಾದರೆ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗೆ ಹೋಗಿ ದುಡ್ಡು ಕಟ್ಟುವಷ್ಟು ಕೈಯಲ್ಲಿರಬೇಕು ಎಂದು ಜೀವಮಾನವೆಲ್ಲ ಹೆಣಗಿದವಳು. ಬೇಕೆಂಬುದಕ್ಕೆ ಅವಳಲ್ಲಿ ಕೊರತೆ ಇರಲಿಲ್ಲ. ಬೇಕಾದದ್ದು ಕೈಗೆ ಬಂದಾಗ ಮೊದಲ ಹಿಡಿ ತನ್ನದಲ್ಲ ಎಂಬುದೊಂದೇ ಅವಳ ಹಟ.

ಆ ಹಟದ ನಿಜವಾದ ತೂಕ ನನಗೆ ತಿಳಿದದ್ದು ಅಕ್ಕಿಯಲ್ಲಲ್ಲ, ನೆಲದಲ್ಲಿ.

ಬಾಗಲೂರಿನಿಂದ ಆಚೆ ನಮ್ಮ ಅಜ್ಜ ಬಿಟ್ಟುಹೋದ 14 ಗುಂಟೆ ಹೊಲವಿತ್ತು. ಮಳೆ ನಂಬಿದ ಕೆಮ್ಮಣ್ಣು. ರಾಗಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಹುಚ್ಚೆಳ್ಳು. ಅಪ್ಪ ಕಾರ್ಖಾನೆಗೆ ಬಂದ ಮೇಲೆ ಊರಿನ ಒಂದು ಮನೆಯವರು ಅದನ್ನು ವಾರಕ್ಕೆ ಮಾಡುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆಯ ಹೆಂಗಸು, ನಾನು ಅತ್ತೆ ಎನ್ನುತ್ತಿದ್ದವರು, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಅದನ್ನೇ ಉಳುತ್ತಿದ್ದರು. ವರ್ಷಕ್ಕೊಮ್ಮೆ ನಮ್ಮ ಪಾಲಿನ ರಾಗಿ ಚೀಲ ಬಸ್ಸಿನ ಟಾಪಿನ ಮೇಲೆ ಯಲಹಂಕಕ್ಕೆ ಬರುತ್ತಿತ್ತು, ಚೀಲದ ಬಾಯಲ್ಲಿ ಒಂದಷ್ಟು ಸೊಗಡವರೆ. ಅಷ್ಟೇ ಆ ಹೊಲಕ್ಕೂ ನಮಗೂ ಇದ್ದ ಸಂಬಂಧ.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣದ ಕೆಲಸ ಶುರುವಾಯಿತು. 2008ರ ಮೇ ತಿಂಗಳಲ್ಲಿ ಮೊದಲ ವಿಮಾನ ಇಳಿಯುವ ಹೊತ್ತಿಗೆ ಹೆಬ್ಬಾಳದಿಂದ ಆಚೆಗಿನ ನೆಲದ ಕತೆಯೇ ಬೇರೆಯಾಗಿತ್ತು. ಯಾರೂ ಮೂಸಿ ನೋಡದಿದ್ದ ನೆಲಕ್ಕೆ ದಲ್ಲಾಳಿಗಳು ಕಾರಿನಲ್ಲಿ ಬಂದರು. ಬಳ್ಳಾರಿ ರಸ್ತೆಯ ಎರಡೂ ಕಡೆ ವಿಲ್ಲಾಗಳ ಫಲಕ. 2006ರಲ್ಲಿ ಅಪ್ಪ ಆ 14 ಗುಂಟೆ ಮಾರಿದರು. ಕೈಗೆ ಬಂದದ್ದು ಅಪ್ಪ ತಮ್ಮ ಇಡೀ ನೌಕರಿಯಲ್ಲಿ ಒಟ್ಟಿಗೆ ನೋಡದ ಮೊತ್ತ.

ನನಗಾಗ ಮದುವೆಯಾಗಿ ಎರಡು ವರ್ಷ. ಆರ್.ಟಿ. ನಗರದಲ್ಲಿ ಬಾಡಿಗೆ ಮನೆ. ಥಣಿಸಂದ್ರದ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲಾಟು ನೋಡಿಟ್ಟಿದ್ದೆವು. ಮುಂಗಡಕ್ಕೆ ಎಷ್ಟು ಕಡಿಮೆ ಬೀಳುತ್ತದೆಂದು ನಾನು ಪೈಸೆಯವರೆಗೆ ಲೆಕ್ಕ ಹಾಕಿದ್ದೆ. ಒಂದು ಭಾನುವಾರ ಊಟವಾದ ಮೇಲೆ ಅಪ್ಪ ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಒಂದು ಕಾಗದ ಬಿಡಿಸಿದರು. ಅವರ ದುಂಡು ಅಕ್ಷರ. ಮೊದಲನೆಯ ಸಾಲಿನಲ್ಲಿ ನನ್ನ ಹೆಸರೂ ಇರಲಿಲ್ಲ, ತಮ್ಮನದೂ ಇರಲಿಲ್ಲ. ವಾರಕ್ಕೆ ಮಾಡುತ್ತಿದ್ದ ಅತ್ತೆಯ ಹೆಸರಿತ್ತು. ಅದರೆದುರಿಗೆ: ಎರಡು ಗುಂಟೆಯ ಬೆಲೆ.

ಕಾನೂನಿನಲ್ಲಿ ಅವರಿಗೆ ಏನೂ ಬರಬೇಕಿರಲಿಲ್ಲ. ಯಾವ ಕಾಗದವೂ ಇರಲಿಲ್ಲ. ನಾನು ಅದನ್ನೇ ಹೇಳಿದೆ. ಬೇಕಾದರೆ ಸೀರೆ ಕೊಡಿ, ಹತ್ತಿಪ್ಪತ್ತು ಸಾವಿರ ಕೊಡಿ, ಎರಡು ಗುಂಟೆ ಅಂದರೆ ಏನು ಎಂದೆ. ಅಪ್ಪ ಕಾಗದ ನೋಡುತ್ತಲೇ, "ಹೊಲ ಇದ್ದಷ್ಟು ದಿನ ಅವರು ಉಂಡರು. ಹೊಲ ಹೋಯ್ತು. ನಾಳೆ ಏನು ಉಣ್ತಾರೆ?" ಎಂದರು. ನನ್ನ ಬಾಯಿ ನಿಲ್ಲಲಿಲ್ಲ. "ನಿಮ್ಮ ಪುಣ್ಯಕ್ಕೆ ನಮ್ಮ ಪಾಲು ಯಾಕೆ ಕತ್ತರಿಸ್ತೀರ?" ಎಂದುಬಿಟ್ಟೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅಪ್ಪ ತಲೆ ಎತ್ತಿ, ನೋವಾದವರ ಹಾಗೆ ಅಲ್ಲ, ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು: "ಅಕ್ಕಿಗೊಂದು ನ್ಯಾಯ, ದುಡ್ಡಿಗೊಂದು ನ್ಯಾಯ ಇದೆಯೇನಮ್ಮ?"

ನಾನು ಎದ್ದು ಹೊರಟೆ. ಆ ವರ್ಷ ಕ್ರಿಸ್ಮಸ್ಸಿಗೆ ತವರಿಗೆ ಹೋಗಲಿಲ್ಲ. 26ನೇ ತಾರೀಕು ಆಫೀಸಿನಿಂದ ಬಂದಾಗ ಪಕ್ಕದ ಮನೆಯವರು ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿ. ಅಪ್ಪ ಯಲಹಂಕದಿಂದ ಬಸ್ಸಿನಲ್ಲಿ ಬಂದು, ಬೀಗ ಕಂಡು, ಒಂದು ಗಂಟೆ ಮೆಟ್ಟಿಲ ಮೇಲೆ ಕೂತಿದ್ದು ಹೋದರಂತೆ. ಹದಿನಾಲ್ಕರಲ್ಲಿ ಎರಡು ಕಳೆದು ಉಳಿದ ಹನ್ನೆರಡರಲ್ಲಿ ನನ್ನ ಪಾಲನ್ನು ಜನವರಿಯಲ್ಲಿ ನನ್ನ ಖಾತೆಗೆ ಹಾಕಿದರು. ನಾನು ಅದನ್ನು ತೆಗೆದುಕೊಂಡೆ. ಅದರಲ್ಲೇ ಫ್ಲಾಟಿನ ಮುಂಗಡ ಕಟ್ಟಿದೆ.

ಒಂಬತ್ತನೆಯ ಮಹಡಿ. ಬಾಲ್ಕನಿಯಿಂದ ರಾಚೇನಹಳ್ಳಿ ಕೆರೆ ಕಾಣುತ್ತಿತ್ತು, ಇಳಿಯುವ ವಿಮಾನಗಳ ದೀಪ ಕಾಣುತ್ತಿತ್ತು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ನನ್ನ ಕೆಲಸ. ಮೊದಲ ಕಾರು, ಆಮೇಲೆ ಎರಡನೆಯದು. ಒಂದು ಸಾಲದ ಕಂತು ಮುಗಿಯುವ ಮೊದಲೇ ಇನ್ನೊಂದು. ಅದನ್ನೆಲ್ಲ ಪಟ್ಟಿಮಾಡಿ ಏನು ಪ್ರಯೋಜನ? ಆ ದಿನಗಳಲ್ಲಿ ಉತ್ತರ ಬೆಂಗಳೂರಿನಲ್ಲಿ ಬದುಕಿದವರಿಗೆಲ್ಲ ಅದು ಗೊತ್ತಿದ್ದದ್ದೇ. ನಾನು ಹೇಳಬೇಕಾದದ್ದು ಬೇರೆ ಇದೆ. ಆ ಬದುಕಿಗೆ ದೇವರ ಹೆಸರಿನ ಮುದ್ರೆಯೂ ಬೇಕಾಯಿತು ನನಗೆ.

ಗೆಳತಿಯೊಬ್ಬಳು ಒಂದು ದೊಡ್ಡ ಸಭಾಂಗಣದ ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದಳು. ಬಣ್ಣದ ದೀಪ, ಡ್ರಮ್ಸು, ಗೋಡೆಯಷ್ಟಗಲದ ಪರದೆ. ಪ್ರಸಂಗ ಮಾಡಿದವರು ಬಡತನವೇ ಶಾಪವೆಂದರು, ಕಾರು ಬಂಗಲೆ ಕರ್ತರು ಒಲಿದದ್ದರ ಗುರುತೆಂದರು, ಬಿತ್ತಿದಷ್ಟು ನೂರ್ಮಡಿ ಎಂದು ಕಾಣಿಕೆಯ ಚೀಲ ಕಳಿಸಿದರು. ತಲೆಯಿಡಲೂ ತನಗೆ ಸ್ಥಳವಿಲ್ಲವೆಂದ ಸ್ವಾಮಿಯ ಹೆಸರಿನಲ್ಲಿ ಈ ಮಾತು! ಇಂದು ಅದನ್ನು ನೆನೆದರೆ ಮೈ ಉರಿಯುತ್ತದೆ. ಅಂದು ಉರಿಯಲಿಲ್ಲ, ಹಾಯೆನಿಸಿತು. ನಮ್ಮ ಹಳೆಯ ಚರ್ಚಿನ ಬೆಂಚುಗಳ ಮೇಲೆ ನನ್ನನ್ನು ಚುಚ್ಚುತ್ತಿದ್ದದ್ದು ಇಲ್ಲಿನ ಮೆತ್ತನೆಯ ಕುರ್ಚಿಯ ಮೇಲೆ ಚುಚ್ಚುತ್ತಿರಲಿಲ್ಲ. ಒಂದು ವಾರ ಸಾಕ್ಷಿ ಹೇಳಲು ಕರೆದರು. ಎದ್ದು ನಿಂತು, ಕರ್ತರು ನಮಗೆ ಕೆರೆ ಕಾಣುವ ಮನೆ ಕೊಟ್ಟರು ಎಂದೆ. ಚಪ್ಪಾಳೆ ಬಿತ್ತು. ಕೆಮ್ಮಣ್ಣಿನ ಹೊಲ, ಅದನ್ನು ಉತ್ತ ಅತ್ತೆ, ಅಪ್ಪನ ಕಾಗದದ ಮೊದಲ ಸಾಲು, ಯಾವುದನ್ನೂ ಹೇಳಲಿಲ್ಲ. ನನ್ನ ಬದುಕಿನಲ್ಲಿ ನಾನು ದೇವರೆದುರು ಹೇಳಿದ ಅತಿ ದೊಡ್ಡ ಸುಳ್ಳು ಅದು, ಅದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ.

ಆ ಫ್ಲಾಟಿನಲ್ಲಿ ಡಬ್ಬಿ ಇರಲಿಲ್ಲ. ಅಕ್ಕಿಗೆ ಗುಂಡಿ ಒತ್ತಿದರೆ ಒಂದು ಲೋಟ ಬೀಳುವ ಪೆಟ್ಟಿಗೆ ಇತ್ತು. ಅದರೊಳಗೆ ಕೈ ಹಾಕಲು ಜಾಗವೇ ಇರಲಿಲ್ಲ.

2020ರ ಏಪ್ರಿಲ್. ಕೊರೊನಾ ಲಾಕ್‌ಡೌನಿನಲ್ಲಿ ಎಲ್ಲ ಮುಚ್ಚಿ ಎರಡು ವಾರವಾಗಿತ್ತು. ಅಪ್ಪ ಫೋನ್ ಮಾಡಿದರು. ನಮ್ಮ ಆರೋಗ್ಯ ವಿಚಾರಿಸಿ ಆದಮೇಲೆ, "ನಿಮ್ಮ ಎದುರಿಗೆ ಕಟ್ಟಡ ಕಟ್ತಿದ್ರಲ್ಲಮ್ಮ, ಆ ಕೂಲಿ ಜನ ಏನು ಉಣ್ತಿದಾರೆ?" ಎಂದರು. ನನಗೆ ಗೊತ್ತಿರಲಿಲ್ಲ. ಅಪ್ಪ ನಮ್ಮ ಮನೆಗೆ ಬರುತ್ತಿದ್ದದ್ದು ವರ್ಷಕ್ಕೆರಡು ಸಲ, ಅವರಿಗೆ ಕಂಡಿತ್ತು. ನಾನು ದಿನಾ ಬಾಲ್ಕನಿಯಲ್ಲಿ ಕಾಫಿ ಕುಡಿಯುವವಳು, ಕೆರೆ ನೋಡುತ್ತಿದ್ದೆ. ಅಂದು ಕೆಳಗೆ ನೋಡಿದೆ. ತಗಡಿನ ಶೆಡ್ಡುಗಳು. ಒಬ್ಬ ಹೆಂಗಸು ಪಾತ್ರೆಗೆ ನೀರು ಹಾಕಿ ತಳ ಕೆರೆಯುತ್ತಿದ್ದಳು. ಕೆರೆದದ್ದನ್ನು ಪಕ್ಕದಲ್ಲಿದ್ದ ಮಗುವಿನ ತಟ್ಟೆಗೆ ಬಗ್ಗಿಸಿದಳು, ಮತ್ತೆ ನೀರು ಹಾಕಿದಳು.

ಮರುದಿನ ಗೇಟಿನ ಸೆಕ್ಯೂರಿಟಿಯವರ ಕುರ್ಚಿಯ ಪಕ್ಕ ಒಂದು ಬಕೆಟ್ ಇಟ್ಟೆವು. ನಮ್ಮ ಮಹಡಿಯ ನಾಲ್ಕು ಮನೆಗಳಿಂದ ಶುರುವಾದದ್ದು ವಾರದೊಳಗೆ ಎರಡು ಬ್ಲಾಕಿಗೆ ಹಬ್ಬಿತು. ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು, ಯಾವ ಧರ್ಮವೂ ಬೇಡವೆನ್ನುವ ಐಟಿ ಹುಡುಗರು, ಎಲ್ಲರ ಮನೆಯ ಅಕ್ಕಿ. ಬಾಸ್ಮತಿ, ಸೋನಾ ಮಸೂರಿ, ಕೇರಳದ ಕೆಂಪಕ್ಕಿ. ಬಕೆಟ್ಟಿನೊಳಗೆ ಕೈಯಾಡಿಸಿದಾಗ ಮೂವತ್ತು ವರ್ಷದ ಹಿಂದಿನ ಕುಕ್ಕೆಯ ವಾಸನೆ ಬಂತು. ಒಡಿಶಾದವರು, ಬಿಹಾರದವರು, ನಮ್ಮದೇ ರಾಯಚೂರಿನವರು ಇದ್ದರು ಆ ಶೆಡ್ಡುಗಳಲ್ಲಿ. ಮೇ ತಿಂಗಳಲ್ಲಿ ಚಿಕ್ಕಬಾಣಾವರ ಸ್ಟೇಷನ್ನಿನಿಂದ ಶ್ರಮಿಕ್ ರೈಲುಗಳು ಹೊರಡತೊಡಗಿದವು. ಹೊರಡುವ ದಿನ ಬೆಳಗ್ಗೆ ಪಾತ್ರೆ ಕೆರೆಯುತ್ತಿದ್ದ ಆ ಹೆಂಗಸು ಗೇಟಿಗೆ ಬಂದಳು. ಕೈಯಲ್ಲಿ ಅರ್ಧ ಚೀಲ ಅಕ್ಕಿ. ನಮ್ಮ ಬಕೆಟ್ಟಿಗೆ ಅದನ್ನು ಸುರಿದಳು. ಅವಳ ಹಿಂದಿಯಲ್ಲಿ ನನಗೆ ಅರ್ಥವಾದದ್ದು ಇಷ್ಟು: ರೈಲಿನಲ್ಲಿ ಊಟ ಕೊಡುತ್ತಾರಂತೆ, ಟಿಕೆಟ್ ಸಿಗದವರು ಇನ್ನೂ ಆರು ಮನೆಯವರಿದ್ದಾರೆ, ಅವರಿಗೆ ಕೊಡಿ.

ಅಮ್ಮ 2021ರಲ್ಲಿ ತೀರಿಕೊಂಡ ಮೇಲೆ ಅಪ್ಪ ನಮ್ಮ ಜೊತೆಗೇ ಇದ್ದಾರೆ. ಅವರೊಂದಿಗೆ ಒಂದು ತಗಡಿನ ಟ್ರಂಕು ಬಂತು, ಅದರೊಳಗೆ ಅಜ್ಜಿಯ ಡಬ್ಬಿ, ಡಬ್ಬಿಯೊಳಗೆ ಒಂದಷ್ಟು ಪುಸ್ತಕ. ಒಂದು ಜೆ.ಸಿ. ಕುಮಾರಪ್ಪನವರದು, 'ಎಕಾನಮಿ ಆಫ್ ಪರ್ಮನೆನ್ಸ್'. ನಮ್ಮ ಹಳೆಯ ಸಭಾಪಾಲಕರೊಬ್ಬರು ಅಪ್ಪನಿಗೆ ಕೊಟ್ಟದ್ದು. ಕುಮಾರಪ್ಪ ತಂಜಾವೂರಿನ ಕ್ರೈಸ್ತ ಮನೆತನದವರು. ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಂದವರು. 1929ರಲ್ಲಿ ಸೂಟು ತೊಟ್ಟು ಸಾಬರಮತಿಗೆ ಹೋದಾಗ, ಮರದಡಿ ಸಗಣಿ ಸಾರಿಸಿದ ನೆಲದ ಮೇಲೆ ಕೂತು ನೂಲುತ್ತಿದ್ದ ಮುದುಕರೇ ಗಾಂಧಿ ಎಂದು ತಿಳಿದು ಅದೇ ಪ್ಯಾಂಟಿನಲ್ಲಿ ನೆಲಕ್ಕೆ ಕೂತರಂತೆ. ಆಮೇಲೆ ಆ ಸೂಟಿಗೆ ಮರಳಲಿಲ್ಲ. ಗ್ರಾಮೋದ್ಯೋಗಕ್ಕೆ ಜೀವ ತೇದರು, ಈ ಪುಸ್ತಕವನ್ನು ಜಬಲ್ಪುರದ ಜೈಲಿನಲ್ಲಿ ಬರೆದರು, ಕೊನೆಗಾಲದಲ್ಲಿ ಮಧುರೈ ಹತ್ತಿರದ ಹಳ್ಳಿಯೊಂದರಲ್ಲಿದ್ದು 1960ರ ಜನವರಿ 30ರಂದು ಕಣ್ಮುಚ್ಚಿದರು. ಯೇಸುವಿನ ಮಾತನ್ನು ಭಾನುವಾರಕ್ಕೆ ಬಿಟ್ಟು ಉಳಿದ ಆರು ದಿನದ ಲೆಕ್ಕವನ್ನು ಸಂತೆಗೆ ಒಪ್ಪಿಸಲು ಒಪ್ಪದವರು ಅವರು. ಪುಸ್ತಕದ ಅಂಚಿನಲ್ಲಿ ಅಪ್ಪ ಅಲ್ಲಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದಾರೆ. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೇ. ಒಂದೊಂದು ಪುಟಕ್ಕೆ ಎಷ್ಟು ಸಂಜೆ ಹಿಡಿದಿರಬೇಕು!

ಕುಲುಮೆಯ ಮುಂದೆ ದುಡಿದ ಮನುಷ್ಯ ನನಗಿಂತ ಹೆಚ್ಚು ಯೋಚಿಸಿ ಬದುಕಿದ್ದರು ಎಂದು ಆ ಗೆರೆಗಳನ್ನು ನೋಡಿ ತಿಳಿಯಿತು. ಆ ರಾತ್ರಿ ಅವರ ಹಾಸಿಗೆಯ ಪಕ್ಕ ಕೂತು 2006ರ ಆ ಮಾತಿಗೆ ಕ್ಷಮೆ ಕೇಳಿದೆ. ಅವರು, "ಯಾವ ಮಾತು?" ಎಂದರು. ಮರೆತಿದ್ದರೋ, ಮರೆತ ಹಾಗೆ ಹೇಳಿದರೋ.

2025ರ ಜುಲೈನಲ್ಲಿ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. 13 ಹಳ್ಳಿಗಳ ರೈತರು ಮೂರು ವರ್ಷ ದಾಟಿ ಧರಣಿ ಕೂತಿದ್ದರು. ಅಪ್ಪ ಪೇಪರನ್ನು ಕಣ್ಣಿಗೆ ಹತ್ತಿರ ಹಿಡಿದು ಪ್ರತಿ ಸಾಲನ್ನೂ ಓದಿದರು. ಮಡಿಸಿಟ್ಟು, ಕಿಟಕಿಯ ಕಡೆ ನೋಡುತ್ತ, "ನಾನು ಮಾರಬಾರದಿತ್ತೇನೋ" ಎಂದರು. ನಾನು ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅತ್ತೆಯ ದೊಡ್ಡ ಮಗ ಆ ಎರಡು ಗುಂಟೆಯ ದುಡ್ಡಿನಲ್ಲಿ ಹಸು ಕಟ್ಟಿ ಈಗಲೂ ಡೇರಿಗೆ ಹಾಲು ಹಾಕುತ್ತಾನೆ ಎಂದು ಗೊತ್ತಿತ್ತು. ಅದನ್ನೂ ಹೇಳಲಿಲ್ಲ. ಆ ಮಾತಿನ ತೂಕ ಅಷ್ಟರಿಂದ ಇಳಿಯುವಂಥದ್ದಲ್ಲ.

ಈಗಲೂ ನಾನು ಅದೇ ಫ್ಲಾಟಿನಲ್ಲಿದ್ದೇನೆ. ಒಂದು ಕಾರು ಹೋಗಿದೆ, ಒಂದು ಇದೆ. ಭಾನುವಾರ ಮತ್ತೆ ಯಲಹಂಕದ ಹಳೆಯ ಚರ್ಚಿಗೇ ಹೋಗುತ್ತೇವೆ. ಬಾಗಿಲ ಪಕ್ಕದ ಕಂಬಕ್ಕೆ ಈಗ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಅದರಿಂದ ಬಂದ ದುಡ್ಡೂ ಬಡವರಿಗೇ ಹೋಗುತ್ತದೆ, ನಾನೂ ಕಳಿಸುತ್ತೇನೆ. ಆದರೆ ಮೊಬೈಲಿನಲ್ಲಿ ಕಳಿಸುವಾಗ ಬೆರಳಿಗೆ ಏನೂ ತಾಕುವುದಿಲ್ಲ. ಎರಡು ವರ್ಷದ ಹಿಂದೆ ಹೆಂಗಸರ ಕೂಟದವರು ಸೇರಿ ಕುಕ್ಕೆಯನ್ನು ಮತ್ತೆ ತಂದಿಟ್ಟೆವು. ವಾರಕ್ಕೆ ಹತ್ತು ಹನ್ನೆರಡು ಮನೆಯ ಅಕ್ಕಿ ಬೀಳುತ್ತದೆ, ಅಷ್ಟೇ.

ಮೊನ್ನೆ ರಾತ್ರಿ ಎಸರಿಟ್ಟು, ಹನ್ನೊಂದು ವರ್ಷದ ಮಗಳನ್ನು ಕರೆದೆ. ಅವಳು ಮೂಟೆಗೆ ಕೈ ಹಾಕಿದವಳು ಏನು ನೆನಪಾಯಿತೋ, ನಿಂತು, "ತಾತಾ, ಬನ್ನಿ" ಎಂದು ಕೂಗಿದಳು. ಅಪ್ಪ ಗೋಡೆ ಹಿಡಿದುಕೊಂಡು ಬಂದರು. ಆ ಅಗಲದ ಅಂಗೈ ಈಗ ನಡುಗುತ್ತದೆ. ಮೂಟೆಯಿಂದ ಮೇಲೆ ಬರುವಷ್ಟರಲ್ಲಿ ಅರ್ಧ ಅಕ್ಕಿ ಬೆರಳ ಸಂದಿಯಿಂದ ಜಾರಿ ನೆಲಕ್ಕೆ ಚೆಲ್ಲಿತು. ಡಬ್ಬಿಗೆ ಬಿದ್ದದ್ದು ಒಂದು ಚಿಟಿಕೆಗಿಂತ ಸ್ವಲ್ಪ ಹೆಚ್ಚು. ಅಪ್ಪ ನನ್ನ ಮುಖ ನೋಡಿದರು. ಮಗಳು ಮೊಣಕಾಲೂರಿ, ಟೈಲ್ಸಿನ ನೆಲದ ಮೇಲೆ ಚೆಲ್ಲಿದ್ದನ್ನು ಒಂದೊಂದೇ ಕಾಳು ಆಯ್ದು ಡಬ್ಬಿಗೆ ಹಾಕತೊಡಗಿದಳು. ಎಸರು ಕುದಿಯುತ್ತಿತ್ತು. ನಾನು ಉರಿ ಸಣ್ಣ ಮಾಡಿದೆ.